ಬಿಳಿ ಕುದುರೆಯ ಮಗ: ಕಪ್ಪು ಗೆರೆಯ ಹಂಗಿಲ್ಲದ ಒಂದು ಹಂಗೇರಿಯನ್ ಚಿತ್ರ

ಕೈಯಿಂದ ಬರೆದ ಆನಿಮೇಷನ್ ಚಿತ್ರ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದು ಅಮೆರಿಕದ ಡಿಸ್ನಿ, ಈಚಿನ ವರ್ಷಗಳಲ್ಲಿ ಜಪಾನಿನ ಜಿಬ್ಲಿ. ಇವೆರಡರ ಅಬ್ಬರದಲ್ಲಿ ಪೂರ್ವ ಯುರೋಪಿನ ಸರ್ಕಾರಿ ಸ್ಟುಡಿಯೊಗಳು ದಶಕಗಳ ಕಾಲ ಮಾಡಿಟ್ಟ ಕೆಲಸ ನಮ್ಮ ಕಣ್ಣಿಗೆ ಬೀಳುವುದೇ ಅಪರೂಪ. ಹಂಗೇರಿಯ ಬುಡಾಪೆಸ್ಟ್ ನಗರದ ಪನ್ನೋನಿಯಾ ಸ್ಟುಡಿಯೊ 1981ರಲ್ಲಿ ಬಿಡುಗಡೆ ಮಾಡಿದ ‘ಫೆಹೇರ್‌ಲೋಫಿಯಾ’, ಎಂದರೆ ‘ಬಿಳಿ ಕುದುರೆಯ ಮಗ’, ಹಾಗೆ ಮರೆಯಲ್ಲಿ ಉಳಿದುಬಿಟ್ಟ ಚಿತ್ರ. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಆನಿಮೇಷನ್ ಒಲಿಂಪಿಯಾಡ್‌ನಲ್ಲಿ ಜಗತ್ತಿನ 50 ಶ್ರೇಷ್ಠ ಆನಿಮೇಷನ್ ಚಿತ್ರಗಳ ಪಟ್ಟಿಗೆ ಅದು ಸೇರಿತಾದರೂ, ಹಂಗೇರಿಯ ಹೊರಗೆ ಅದನ್ನು ಒಳ್ಳೆಯ ಪ್ರತಿಯಲ್ಲಿ ನೋಡುವ ಅವಕಾಶ ಬಹುಕಾಲ ಇರಲಿಲ್ಲ. ಹಂಗೇರಿಯ ರಾಷ್ಟ್ರೀಯ ಚಲನಚಿತ್ರ ಸಂಸ್ಥೆ ಮತ್ತು ಅಮೆರಿಕದ ಆರ್ಬೆಲೋಸ್ ಎಂಬ ವಿತರಕರು ಸೇರಿ ಮೂಲ ನೆಗೆಟಿವ್‌ನಿಂದ 4ಕೆ ಗುಣಮಟ್ಟದಲ್ಲಿ ಅದನ್ನು ಪುನರುಜ್ಜೀವನಗೊಳಿಸಿದ ಮೇಲೆ, 2020ರಿಂದೀಚೆಗೆ, ಚಿತ್ರಕ್ಕೆ ಎರಡನೆಯ ಆಯುಷ್ಯ ಬಂದಿದೆ. ಈ ವಿಮರ್ಶೆ ಆ ಹೊಸ ಪ್ರತಿಯನ್ನು ಕುರಿತದ್ದು.

ಚಿತ್ರದ ನಿರ್ದೇಶಕ ಮಾರ್ಸೆಲ್ ಯಾಂಕೊವಿಚ್. 1941ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಈತ ಚಿತ್ರಕಾರನಷ್ಟೇ ಅಲ್ಲದೆ ಜನಪದ ಸಂಕೇತಗಳ ಬಗ್ಗೆ ಗ್ರಂಥಗಳನ್ನು ಬರೆದ ವಿದ್ವಾಂಸ ಕೂಡ. ಹಂಗೇರಿಯ ಮೊದಲ ಪೂರ್ಣಪ್ರಮಾಣದ ಆನಿಮೇಷನ್ ಚಿತ್ರ, 1973ರ ‘ಯಾನೋಷ್ ವೀಟೇಜ್’, ಇವನದೇ. ಬಂಡೆಯನ್ನು ಬೆಟ್ಟಕ್ಕೆ ದೂಡುವ ಮನುಷ್ಯನನ್ನು ಕೆಲವೇ ಕುಂಚದ ಬೀಸುಗಳಲ್ಲಿ ತೋರಿಸಿದ 1974ರ ‘ಸಿಸಿಫಸ್’ ಕಿರುಚಿತ್ರ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. 1977ರ ‘ಕ್ಯುಜ್ಡೋಕ್’ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಕಿರುಚಿತ್ರಗಳಿಗೆ ಕೊಡುವ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆಯಿತು. ಈ ಹಿನ್ನೆಲೆಯನ್ನು ಹೇಳಲು ಕಾರಣವಿದೆ. ‘ಬಿಳಿ ಕುದುರೆಯ ಮಗ’ವನ್ನು ಮಾರುವವರು ಅದನ್ನು ಮತ್ತೇರಿಸುವ, ಅಮಲಿನ, ಹುಚ್ಚು ಬಣ್ಣಗಳ ಚಿತ್ರವೆಂದು ಬಣ್ಣಿಸುತ್ತಾರೆ. ಬಣ್ಣಗಳು ಹುಚ್ಚೆಬ್ಬಿಸುವಂತಿರುವುದು ನಿಜ. ಆದರೆ ಅವುಗಳ ಹಿಂದಿರುವುದು ಅಮಲೇರಿದ ಮನಸ್ಸಲ್ಲ, ತಾನು ಬರೆಯುವ ಒಂದೊಂದು ಆಕಾರ ಎಲ್ಲಿಂದ ಬಂತು ಎಂಬುದನ್ನು ಬಲ್ಲ ಪಂಡಿತನ ಲೆಕ್ಕಾಚಾರ.

ಕಥೆ ಸರಳವಾದದ್ದು. 19ನೆಯ ಶತಮಾನದಲ್ಲಿ ಲಾಸ್ಲೊ ಅರಾನ್ಯ್ ಸಂಗ್ರಹಿಸಿದ ಜನಪದ ಕಥೆಯೇ ಇದರ ಆಧಾರ. ಬೆನ್ನಟ್ಟಿ ಬರುವ ಕಪ್ಪು ರೂಪಗಳಿಂದ ತಪ್ಪಿಸಿಕೊಂಡು ಓಡುವ ತುಂಬು ಬಸುರಿ ಬಿಳಿ ಕುದುರೆ ಜಗತ್ತಿನ ಮಹಾವೃಕ್ಷದ ಪೊಟರೆಯನ್ನು ಸೇರಿ ಮನುಷ್ಯ ಮಗುವನ್ನು ಹೆರುತ್ತದೆ. ಏಳು ವರ್ಷ ತಾಯಿಯ ಹಾಲು ಕುಡಿದು ಬೆಳೆದ ಮಗ ಮರದೊಡನೆ ಬಲಪರೀಕ್ಷೆಗಿಳಿದು ಸೋಲುತ್ತಾನೆ. ಇನ್ನೂ ಏಳು ವರ್ಷ ಹಾಲು ಕುಡಿದು ಗೆಲ್ಲುತ್ತಾನೆ. ಅಷ್ಟರಲ್ಲಿ ತನ್ನ ಸತ್ವವನ್ನೆಲ್ಲ ಮಗನಿಗೆ ಧಾರೆಯೆರೆದ ತಾಯಿ ಇಲ್ಲವಾಗುತ್ತಾಳೆ. ಮೂರು ರಾಜಕುಮಾರಿಯರು ಕೇಳಬಾರದ ಮಾತು ಕೇಳಿ ಮುಚ್ಚಿದ ಬಾಗಿಲು ತೆರೆದುದರಿಂದ ಘಟಸರ್ಪಗಳು ಹೊರಬಿದ್ದು ಆದಿರಾಜನ ಸೀಮೆ ಹಾಳಾಯಿತೆಂಬ ಪೂರ್ವಕಥೆ ಅವನಿಗೆ ತಾಯಿಯಿಂದ ತಿಳಿದಿದೆ. ಮರ ಕೀಳುವವನೆಂದು ಹೆಸರಾದ ಈ ಕಿರಿಯ, ಕಲ್ಲು ಪುಡಿಮಾಡುವ ಅಣ್ಣನನ್ನೂ ಕಬ್ಬಿಣ ನಾದುವ ಅಣ್ಣನನ್ನೂ ಹುಡುಕಿ, ಕುಸ್ತಿಯಲ್ಲಿ ಗೆದ್ದು, ಜೊತೆಗೆ ಕರೆದುಕೊಂಡು, ಪಾತಾಳಕ್ಕಿಳಿಯುವ ದಾರಿ ಹುಡುಕುತ್ತಾನೆ. ಅಲ್ಲಿ ಮೂರು, ಏಳು, ಹನ್ನೆರಡು ತಲೆಗಳ ಮೂರು ಘಟಸರ್ಪಗಳು, ಮೂವರು ಸೆರೆಯಾಳುಗಳು, ಕೊನೆಗೆ ಮೇಲಕ್ಕೇರುವ ಕಷ್ಟ. ಅಜ್ಜಿಯರ ಬಾಯಲ್ಲಿ ಏಳು ಸಮುದ್ರ ದಾಟುವ ರಾಜಕುಮಾರರ ಕಥೆ ಕೇಳಿದ ಯಾರಿಗಾದರೂ ಮುಂದೇನಾಗುತ್ತದೆಂದು ಊಹಿಸುವುದು ಕಷ್ಟವಲ್ಲ.

ಊಹಿಸಲಾಗದ್ದು ಕಣ್ಣಿನ ಮುಂದೆ ನಡೆಯುತ್ತಿರುತ್ತದೆ. ಸಾಮಾನ್ಯವಾದ ಕೈಬರಹದ ಆನಿಮೇಷನ್‌ನಲ್ಲಿ ಪಾತ್ರವನ್ನು ಪಾರದರ್ಶಕ ಹಾಳೆಯ ಮೇಲೆ ಬರೆದು, ಅದಕ್ಕೊಂದು ಕಪ್ಪು ಅಂಚುಗೆರೆ ಕೊಟ್ಟು, ಒಳಗೆ ಬಣ್ಣ ತುಂಬಿ, ಬೇರೆಯಾಗಿ ಬರೆದ ಹಿನ್ನೆಲೆಯ ಮೇಲಿಟ್ಟು ಒಂದೊಂದೇ ಚೌಕಟ್ಟಾಗಿ ಚಿತ್ರೀಕರಿಸುತ್ತಾರೆ. ಆ ಗೆರೆ ಎರಡು ಕೆಲಸ ಮಾಡುತ್ತದೆ: ಪಾತ್ರವನ್ನು ಹಿನ್ನೆಲೆಯಿಂದ ಬೇರ್ಪಡಿಸುತ್ತದೆ, ಬಣ್ಣ ತುಂಬಿದವರ ಕೈ ತುಸು ಅತ್ತಿತ್ತ ಹೋಗಿದ್ದರೆ ಮುಚ್ಚಿಬಿಡುತ್ತದೆ. ಯಾಂಕೊವಿಚ್ ಈ ಚಿತ್ರದಲ್ಲಿ ಆ ಕಪ್ಪು ಗೆರೆಯನ್ನೇ ತೆಗೆದುಹಾಕಿದ್ದಾನೆ. ಒಂದು ಬಣ್ಣ ಮುಗಿಯುವಲ್ಲಿ ಇನ್ನೊಂದು ಬಣ್ಣ ಆರಂಭವಾಗುತ್ತದೆ, ಅಷ್ಟೆ. ಇದರ ಪರಿಣಾಮವನ್ನು ಮಾತಿನಲ್ಲಿ ಹೇಳುವುದಾದರೆ ನಮ್ಮ ತೊಗಲುಗೊಂಬೆಯ ಪರದೆಯನ್ನು ನೆನೆಯಬೇಕು: ಬಣ್ಣ ಬೆಳಕಿನ ಮೇಲೆ ಬಳಿದಂತಿರದೆ ಬೆಳಕೇ ಬಣ್ಣವಾಗಿ ಬರುತ್ತಿರುವಂತೆ ತೋರುತ್ತದೆ. ಗೆರೆಯ ಬೇಲಿ ಇಲ್ಲದ್ದರಿಂದ ಪಾತ್ರ ಎಲ್ಲಿ ಮುಗಿದು ಲೋಕ ಎಲ್ಲಿ ಶುರುವಾಯಿತೆಂಬ ಗಡಿಯೂ ಸಡಿಲವಾಗುತ್ತದೆ. ಹಾಗಾಗಿಯೇ ಕುದುರೆಯ ಜೂಲು ಬೆಂಕಿಯಾಗಬಲ್ಲದು, ಕೂದಲು ಹೊಳೆಯಾಗಬಲ್ಲದು, ಕಣ್ಣು ಸೂರ್ಯನಾಗಬಲ್ಲದು, ಮತ್ತು ಇವು ಒಂದಕ್ಕೊಂದು ಹೋಲಿಕೆಗಳಾಗಿ ಉಳಿಯದೆ ನಿಜವಾಗಿ ಒಂದಾಗಿಬಿಡುತ್ತವೆ.

ನನ್ನ ಮಟ್ಟಿಗೆ ಚಿತ್ರದ ಆಕರ್ಷಣೆಯೆಲ್ಲ ಇರುವುದು ಇಲ್ಲಿ. ಜನಪದ ಕಥೆಯಲ್ಲಿ ಒಂದು ವಸ್ತು ಇನ್ನೊಂದಾಗುವುದಕ್ಕೆ ಕಾರಣ ಕೊಡುವ ಪರಿಪಾಠವಿಲ್ಲ. ಹೇಳುವವಳು ‘ಆಯಿತು’ ಎನ್ನುತ್ತಾಳೆ, ಕೇಳುವವರು ‘ಹ್ಞೂಂ’ ಎನ್ನುತ್ತಾರೆ. ಅದನ್ನು ನಟರನ್ನಿಟ್ಟು ಚಿತ್ರೀಕರಿಸಿದರೆ ಟ್ರಿಕ್ ಆಗುತ್ತದೆ. ಕಂಪ್ಯೂಟರಿನಲ್ಲಿ ಮಾಡಿದರೆ, ಎಷ್ಟೇ ಚೆನ್ನಾಗಿ ಮಾಡಿದರೂ, ವಸ್ತುವಿಗೊಂದು ತೂಕ, ಮೈ, ನೆರಳು ಬಂದುಬಿಟ್ಟು ಅದು ಬದಲಾಗುವುದಕ್ಕೂ ಒಂದು ವಿವರಣೆ ಬೇಕೆನಿಸುತ್ತದೆ. ಕಾಗದದ ಮೇಲೆ ಚಪ್ಪಟೆಯಾಗಿ ಬರೆದ ಆಕಾರಕ್ಕೆ ಆ ಹಂಗಿಲ್ಲ. ಮುಂದಿನ ಹಾಳೆಯಲ್ಲಿ ಅದನ್ನು ಬೇರೆಯಾಗಿ ಬರೆದರೆ ಸಾಕು, ಅದು ಬೇರೆಯಾಯಿತು. ಯಾಂಕೊವಿಚ್ ಈ ಸ್ವಾತಂತ್ರ್ಯವನ್ನು ಅಲ್ಲೊಂದು ಇಲ್ಲೊಂದು ಚಮತ್ಕಾರಕ್ಕೆ ಬಳಸದೆ ಇಡೀ ಚಿತ್ರದ ನಡೆಯನ್ನಾಗಿ ಮಾಡಿಕೊಂಡಿದ್ದಾನೆ. ದೃಶ್ಯದಿಂದ ದೃಶ್ಯಕ್ಕೆ ಹೋಗುವಾಗ ಕತ್ತರಿ ಪ್ರಯೋಗ ಆದಷ್ಟು ಕಡಿಮೆ. ಒಂದು ಆಕಾರ ತಿರುಗಿ, ಅರಳಿ, ಮಡಿಚಿಕೊಂಡು ಮುಂದಿನ ದೃಶ್ಯವಾಗುತ್ತದೆ.

ಆರಂಭದ ಹೆರಿಗೆಯ ಪ್ರಸಂಗವನ್ನು ಹತ್ತಿರದಿಂದ ನೋಡಬೇಕು. ಮಾತು ಬಹಳ ಕಡಿಮೆ. ಬಿಳಿ ಎಂಬುದು ಇಲ್ಲಿ ಒಂದೇ ಬಣ್ಣವಲ್ಲ. ಹಿಂದಿನಿಂದ ಬರುವ ಕತ್ತಲು, ಮಿಂಚು, ನೋವು ಎಲ್ಲವೂ ಕುದುರೆಯ ಮೈಮೇಲೆ ಬಣ್ಣಗಳಾಗಿ ಹಾದುಹೋಗುತ್ತವೆ. ಮರದ ಬೇರುಗಳ ನಡುವಿನ ಪೊಟರೆ ಗರ್ಭದ ಆಕಾರದಲ್ಲಿದೆ, ಅದರೊಳಗೆ ಕುದುರೆಯ ಗರ್ಭ, ಅದರೊಳಗೆ ಮಗು. ಒಂದರೊಳಗೊಂದು ಹುದುಗಿದ ಈ ವೃತ್ತಗಳು ಮುಂದೆ ಇಡೀ ಚಿತ್ರದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಹೆರಿಗೆಯನ್ನು ಇಷ್ಟು ನೇರವಾಗಿ, ಇಷ್ಟು ಘನತೆಯಿಂದ ತೋರಿಸಿದ ಆನಿಮೇಷನ್ ಚಿತ್ರ ಮತ್ತೊಂದನ್ನು ನಾನು ಕಂಡಿಲ್ಲ. ಚಿತ್ರದಲ್ಲಿ ಮೈಥುನ ಮತ್ತು ಜನನದ ಸಂಕೇತಗಳು ಧಾರಾಳವಾಗಿವೆ, ಕೆಲವು ತೀರ ಸ್ಪಷ್ಟವಾಗಿಯೇ ಇವೆ. ನಮ್ಮ ದೇವಸ್ಥಾನಗಳ ಗೋಡೆ ನೋಡಿ ಬೆಳೆದವರಿಗೆ ಅದರಲ್ಲಿ ಮುಜುಗರಪಡುವಂಥದ್ದೇನೂ ಇಲ್ಲ, ಆದರೂ ಮನೆಮಂದಿಯೆಲ್ಲ ಕೂತು ನೋಡುವವರಿಗೆ ಮೊದಲೇ ತಿಳಿಸಿಬಿಡುವುದು ಮೇಲು.

ಘಟಸರ್ಪಗಳನ್ನು ಕಂಡರಿಸಿದ ರೀತಿ ಚಿತ್ರದ ಅತ್ಯಂತ ದಿಟ್ಟ ನಿರ್ಧಾರ. ಹಾವಿನ ಮೈ, ರೆಕ್ಕೆ, ಬೆಂಕಿಯುಗುಳುವ ಬಾಯಿ ಇವೊಂದೂ ಇಲ್ಲಿಲ್ಲ. ಮೂರು ತಲೆಯದು ಕಲ್ಲಿನ ಗುಡ್ಡೆ, ಮಂದಬುದ್ಧಿಯ ಆದಿಮ ದೈತ್ಯ. ಏಳು ತಲೆಯದು ಉಕ್ಕಿನದು. ಟ್ಯಾಂಕು, ಫಿರಂಗಿಗಳನ್ನು ಬೆಸೆದು ಮಾಡಿದ ಯುದ್ಧಯಂತ್ರ. ಹನ್ನೆರಡು ತಲೆಯದು ಗಗನಚುಂಬಿ ಕಟ್ಟಡಗಳ ಮಹಾನಗರ. ಅದರ ಮುಖಗಳು ಕಿಟಕಿಗಳ ಸಾಲಿನಂತೆ, ಗಣಕಯಂತ್ರದ ಪರದೆಯಂತೆ ಮಿಣುಕುತ್ತವೆ. ಶಿಲಾಯುಗದಿಂದ ಹೊರಟು ಯಂತ್ರಯುಗವನ್ನು ಹಾದು ನಮ್ಮ ಕಾಲಕ್ಕೆ ಬರುವ ಈ ಸರಣಿ ಕಥೆಯ ಹೊರಗಿನಿಂದ ಅಂಟಿಸಿದ ಉಪದೇಶದಂತೆ ಕಾಣುವ ಅಪಾಯವಿತ್ತು. ಹಾಗಾಗದಿರಲು ಕಾರಣ, ನಾಯಕ ಅವುಗಳನ್ನು ಎದುರಿಸುವಾಗ ಅವನ ಮುಖದಲ್ಲಿ ಯಾವ ಆಶ್ಚರ್ಯವೂ ಇಲ್ಲದಿರುವುದು. ಅವನ ಪಾಲಿಗೆ ಮಹಾನಗರವೂ ಒಂದು ಪ್ರಾಣಿ, ಹೊಡೆದು ಕೆಡವಬೇಕಾದದ್ದು. ಮಹಾಭಾರತದ ಭೀಮ ಇಂದಿನ ಕ್ರೇನಿನೆದುರು ನಿಂತರೆ ಹೀಗೆಯೇ ನಿಲ್ಲುತ್ತಿದ್ದನೇನೋ.

ಮೂರು, ಏಳು, ಹನ್ನೆರಡು ಎಂಬ ಸಂಖ್ಯೆಗಳನ್ನು ದಿನದ ಭಾಗಗಳು, ವಾರ, ವರ್ಷದ ತಿಂಗಳುಗಳು ಎಂದು ಓದಿಕೊಳ್ಳಲು ಚಿತ್ರವೇ ಪ್ರೇರೇಪಿಸುತ್ತದೆ. ಕಾಲವು ಚಕ್ರವಾಗಿ ಸುತ್ತುತ್ತದೆ ಎಂಬುದನ್ನೇ ವಸ್ತುವನ್ನಾಗಿಸಿಕೊಂಡು ಯಾಂಕೊವಿಚ್ ಮೊದಲು ಬರೆದ ರೂಪರೇಷೆಯನ್ನು ಸ್ಟುಡಿಯೊದ ಮುಖ್ಯಸ್ಥರು ತಿರಸ್ಕರಿಸಿದ್ದರು. ಕಾಲ ಹಿಂದಿರುಗದೆ ಮುಂದಕ್ಕೇ ಸಾಗುತ್ತದೆ ಎಂಬ ಮಾರ್ಕ್ಸ್‌ವಾದಿ ನಿಲುವಿಗೆ ಅದು ವಿರುದ್ಧವಾಗಿದೆ ಎಂಬುದು ಆಕ್ಷೇಪವಾಗಿತ್ತು. ಯುಗಗಳ ಆವರ್ತನೆಯನ್ನು ಪಂಚಾಂಗದಲ್ಲಿಯೇ ಇಟ್ಟುಕೊಂಡಿರುವ ನಮಗೆ ಇದು ವಿಚಿತ್ರವಾದ ಆಕ್ಷೇಪವೆನಿಸಬಹುದು. ತಮಾಷೆಯೆಂದರೆ, ಜನಪದ ಕಥೆಯ ವೇಷದಲ್ಲಿ ಅದೇ ವಿಚಾರ ಪುನಃ ಒಳಬಂದಿದೆ. ಕಥೆ ಮುಂದಕ್ಕೆ ಹೋಗುತ್ತಿದ್ದರೂ ಪರದೆಯ ಮೇಲಿನ ಪ್ರತಿಯೊಂದು ಆಕಾರವೂ ಸುತ್ತುತ್ತಿದೆ. ಚಿತ್ರವನ್ನು ಸಿಥಿಯನ್ನರು, ಹೂಣರು, ಅವಾರರು ಮುಂತಾದ ಅಲೆಮಾರಿ ಜನಾಂಗಗಳ ನೆನಪಿಗೆ ಅರ್ಪಿಸಲಾಗಿದೆ. ಗುಪ್ತರ ಕಾಲದ ಇತಿಹಾಸದಲ್ಲಿ ಹೂಣರನ್ನು ದಾಳಿಕೋರರೆಂದಷ್ಟೇ ಓದಿದ ಭಾರತೀಯ ನೋಡುಗನಿಗೆ, ಅದೇ ಹೆಸರಿನ ಜನರನ್ನು ತಮ್ಮ ಪೂರ್ವಜರೆಂದು ಆದರದಿಂದ ನೆನೆಯುವ ಪರಂಪರೆಯೊಂದು ಇದೆಯೆಂಬುದೇ ಒಂದು ಹೊಸ ನೋಟ.

ಕಥೆಯ ಕೊನೆಯ ಭಾಗದಲ್ಲಿ ಕನ್ನಡದ ಓದುಗರು ಒಮ್ಮೆ ನೆಟ್ಟಗೆ ಕೂರುವಂಥ ಪ್ರಸಂಗವಿದೆ. ಮರಿಗಳನ್ನು ಕಾಪಾಡಿದ ಋಣಕ್ಕೆ ಸಿಂಹದ ಮೈಯ ಮಹಾಪಕ್ಷಿಯೊಂದು ನಾಯಕನನ್ನು ಪಾತಾಳದಿಂದ ಮೇಲಕ್ಕೆ ಹೊತ್ತೊಯ್ಯುತ್ತದೆ. ದಾರಿಯಲ್ಲಿ ಹಕ್ಕಿಗೆ ಕೊಡುತ್ತಿದ್ದ ಆಹಾರ ಮುಗಿದುಹೋದಾಗ ಅವನು ತನ್ನ ದೇಹವನ್ನೇ ಕತ್ತರಿಸಿ ಕೊಡುತ್ತಾನೆ. ಶಿಬಿಯ ಕಥೆ ಗೊತ್ತಿದ್ದವರಿಗೆ ಇಲ್ಲಿ ಮೈ ಜುಮ್ಮೆನ್ನದಿರದು. ಆದರೆ ವ್ಯತ್ಯಾಸವನ್ನೂ ಗಮನಿಸಬೇಕು: ಶಿಬಿಯದು ಧರ್ಮದ ತಕ್ಕಡಿ, ಶರಣು ಬಂದ ಪಾರಿವಾಳಕ್ಕಾಗಿ ತೂಗಿ ಕೊಟ್ಟ ಮಾಂಸ, ಇವನದು ಹಾರಾಟ ನಿಲ್ಲಬಾರದೆಂಬ ಒಂದೇ ಹಟ. ಚಿತ್ರ ಇದನ್ನು ರಕ್ತದ ದೃಶ್ಯವನ್ನಾಗಿಸುವುದಿಲ್ಲ. ತ್ಯಾಗ ಮಾಡಿದಷ್ಟೂ ಅವನ ಆಕಾರ ಕುಗ್ಗುತ್ತ, ಹಕ್ಕಿಯ ಆಕಾರ ಹಿಗ್ಗುತ್ತ ಹೋಗಿ ಒಂದು ಹಂತದಲ್ಲಿ ಹೊರುವವರು ಯಾರು, ಹೊತ್ತದ್ದು ಯಾರನ್ನು ಎಂಬುದೇ ಮಸುಕಾದಂತೆ ನನಗೆ ಕಂಡಿತು.

ಸಂಗೀತ ಇಶ್ಟ್ವಾನ್ ವೈದಾ ಅವರದು. ಜನಪದ ಕಥೆಗೆ ಜನಪದ ವಾದ್ಯಗಳೇ ಬೇಕೆಂಬ ಸಲೀಸು ದಾರಿಯನ್ನು ಬಿಟ್ಟು, ಪೂರ್ತಿ ಎಲೆಕ್ಟ್ರಾನಿಕ್ ಧ್ವನಿಗಳಿಂದ ಕಟ್ಟಿದ ಸಂಗೀತ ಇದು. ಗುಂಯ್‌ಗುಡುವಿಕೆ, ಮಾರ್ದನಿ, ಲೋಹ ಉಜ್ಜಿದಂಥ ಸದ್ದು, ಇವುಗಳ ನಡುವೆ ನಾಯಕನಿಗೆ ದನಿ ಕೊಟ್ಟ ಗ್ಯೋರ್ಗ್ ಚೆರ್ಹಾಲ್ಮಿಯ ಗಂಭೀರ ಕಂಠ. ಮೊದಲ ಕಾಲು ಗಂಟೆ ಇದು ಅದ್ಭುತವಾಗಿ ಹೊಂದುತ್ತದೆ. ಆಮೇಲೆ ಅಲ್ಲಲ್ಲಿ ಕಿವಿಗೆ ಭಾರವಾಗುತ್ತದೆ ಎಂಬುದನ್ನೂ ಹೇಳಬೇಕು. ಟಿವಿಯ ಸಣ್ಣ ಸ್ಪೀಕರುಗಳಲ್ಲಿ ಕೇಳಿದರೆ ಇದು ಬರೀ ಗದ್ದಲ. ಒಳ್ಳೆಯ ಹೆಡ್‌ಫೋನು ಇದ್ದರೆ ಧ್ವನಿಯ ಪದರಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ.

ದೋಷಗಳಿಲ್ಲದ ಚಿತ್ರವೇನೂ ಇದಲ್ಲ. ಅಣ್ಣಂದಿರ ಹೊಟ್ಟೆಯ ಮೇಲೆ ಬಿಸಿಬಿಸಿ ಗಂಜಿ ಸುರಿದು ತಿಂದು ಹೋಗುವ ಏಳು ಬಣ್ಣದ ಕುಳ್ಳನ ಪ್ರಸಂಗ ಮೊದಲ ಸಲ ನಗಿಸುತ್ತದೆ, ಎರಡನೆಯ ಸಲ ಬೇಸರ ತರಿಸುತ್ತದೆ. ಬಾಯಲ್ಲಿ ಹೇಳುವ ಕಥೆಗೆ ಅಂದ ಕೊಡುವ ಪುನರಾವರ್ತನೆ ಪರದೆಯ ಮೇಲೆ ಎಲ್ಲ ಕಡೆಯೂ ಸಲ್ಲುವುದಿಲ್ಲ. ಘಟಸರ್ಪಗಳೊಡನೆ ನಡೆಯುವ ಕಾಳಗಗಳಲ್ಲಿ ರೂಪದ ವೈವಿಧ್ಯ ಇರುವಷ್ಟು ಹೋರಾಟದ ವೈವಿಧ್ಯವಿಲ್ಲ. ಮೂವರು ರಾಜಕುಮಾರಿಯರು ಬಣ್ಣದಲ್ಲಿ ಬೇರೆಬೇರೆಯೇ ಹೊರತು ಸ್ವಭಾವದಲ್ಲಿ ಒಬ್ಬಳನ್ನು ಇನ್ನೊಬ್ಬಳಿಂದ ಗುರುತಿಸುವುದು ಕಷ್ಟ. ತಾಯಿಗೆ ಅಷ್ಟು ದೊಡ್ಡ ಜಾಗ ಕೊಟ್ಟ ನಿರ್ದೇಶಕ ಉಳಿದ ಹೆಣ್ಣುಗಳನ್ನು ಬಹುಮಾನದ ವಸ್ತುಗಳಾಗಿ ಉಳಿಸಿದ್ದಕ್ಕೆ ಮೂಲ ಕಥೆಯ ಮೇಲೆ ಹೊಣೆ ಹೊರಿಸಿ ಕೈತೊಳೆದುಕೊಳ್ಳಲು ಬರುವುದಿಲ್ಲ; ಕಥೆಯಲ್ಲಿ ಅವನು ಬದಲಿಸಿದ್ದು ಬೇಕಾದಷ್ಟಿದೆ. ನಾಯಕನ ಬಗ್ಗೆಯೂ ನಮಗೆ ಪ್ರೀತಿಗಿಂತ ಹೆಚ್ಚಾಗಿ ಬೆರಗು ಹುಟ್ಟುತ್ತದೆ. ಪಾತ್ರಗಳ ಒಳಗನ್ನು ಅರಸುವ ನೋಡುಗರು ಅರ್ಧದಲ್ಲಿಯೇ ಎದ್ದರೆ ನಾನು ಅವರನ್ನು ದೂರುವುದಿಲ್ಲ.

ಹೊಸ ಪ್ರತಿಯ ವಿಷಯಕ್ಕೆ ಬಂದರೆ, ಕೆಲಸ ಮೆಚ್ಚುವಂಥದ್ದು. ಗೆರೆಯಿಲ್ಲದ ಚಿತ್ರದಲ್ಲಿ ಬಣ್ಣಗಳ ಗಡಿಯೇ ಸರ್ವಸ್ವವಾದ್ದರಿಂದ, ಮಾಸಿದ ಪ್ರತಿಯಲ್ಲಿ ಆ ಗಡಿಗಳು ಕಲಸಿಹೋದರೆ ಚಿತ್ರವೇ ಇಲ್ಲವಾದಂತೆ. ಪುನರುಜ್ಜೀವಿತ ಪ್ರತಿಯಲ್ಲಿ ಕಡುನೀಲಿಯ ಪಕ್ಕದ ಕಪ್ಪು, ಕೇಸರಿಯ ಪಕ್ಕದ ಹಳದಿ ಸ್ಪಷ್ಟವಾಗಿ ಬೇರೆಬೇರೆಯಾಗಿವೆ. ಮೆಚ್ಚಬೇಕಾದ ಇನ್ನೊಂದು ಸಂಗತಿಯೆಂದರೆ, ಶುಚಿಗೊಳಿಸುವ ಉತ್ಸಾಹದಲ್ಲಿ ಫಿಲ್ಮಿನ ಕಣವನ್ನೂ ಕೈಬರಹದ ಸಣ್ಣ ಅದುರುವಿಕೆಯನ್ನೂ ಅಳಿಸಿಹಾಕಿಲ್ಲ. ವಿಶಾಲವಾದ ಬಣ್ಣದ ಬಯಲುಗಳನ್ನು ದಿಟ್ಟಿಸಿದರೆ ಬಣ್ಣ ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಎಳ್ಳಷ್ಟು ಹೊಯ್ದಾಡುವುದು ಕಾಣುತ್ತದೆ. ಮನುಷ್ಯರ ಕೈ ಅಲ್ಲಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಉಪಶೀರ್ಷಿಕೆಗಳು ಇಂಗ್ಲಿಷಿನಲ್ಲಿವೆ. ಮಾತು ಕಡಿಮೆಯಿರುವುದರಿಂದ ಅಷ್ಟೇನೂ ತೊಡಕಾಗದು. ಎರಡನೆಯ ಸಲ ನೋಡುವಾಗ ಅವುಗಳನ್ನು ಆರಿಸಿಬಿಡುವುದೇ ಒಳ್ಳೆಯದು, ಏಕೆಂದರೆ ಓದುವ ಕಣ್ಣು ಪರದೆಯ ತಳದಲ್ಲಿಯೇ ಸಿಕ್ಕಿಹಾಕಿಕೊಂಡು ಮೇಲೆ ನಡೆಯುವ ರೂಪಾಂತರಗಳಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತದೆ.

ಬ್ಲೂ-ರೇ ಕೊಳ್ಳುವ ಯೋಚನೆಯುಳ್ಳವರು ಒಂದು ವಿಷಯ ವಿಚಾರಿಸಿಕೊಳ್ಳಬೇಕು. ಈ ತಟ್ಟೆಗಳಿಗೆ ವಲಯದ ಸಂಕೇತವಿರುತ್ತದೆ. ಅಮೆರಿಕ ಎ ವಲಯಕ್ಕೂ ಭಾರತ ಸಿ ವಲಯಕ್ಕೂ ಸೇರುವುದರಿಂದ ಅಲ್ಲಿ ಕೊಂಡು ತಂದದ್ದು ನಮ್ಮ ಮನೆಯ ಪ್ಲೇಯರಿನಲ್ಲಿ ಓಡದೆಯೂ ಇರಬಹುದು. ಹೊರದೇಶದಲ್ಲಿರುವ ನೆಂಟರಿಗೆ ಹೇಳಿ ತರಿಸುವ ಮೊದಲು ಇದನ್ನು ಖಚಿತಪಡಿಸಿಕೊಂಡರೆ ಹಣ ಉಳಿಯುತ್ತದೆ. ಬೆಳಕು ಮಿಂಚಿ ಮಿಂಚಿ ಮರೆಯಾಗುವ ದೃಶ್ಯಗಳು, ಅದರಲ್ಲೂ ಹನ್ನೆರಡು ತಲೆಯ ಘಟಸರ್ಪದ ಭಾಗದಲ್ಲಿ, ಸಾಕಷ್ಟಿವೆ; ಮೂರ್ಛೆರೋಗವಿದ್ದವರು ಇದನ್ನು ನೋಡದಿರುವುದು ಕ್ಷೇಮ.

ಮಕ್ಕಳಿಗೆ ತೋರಿಸಬಹುದೇ ಎಂದರೆ, ಹತ್ತು-ಹನ್ನೆರಡು ದಾಟಿದವರಿಗೆ, ದೊಡ್ಡವರು ಪಕ್ಕದಲ್ಲಿ ಕೂತು, ತೋರಿಸಬಹುದು ಎನ್ನುತ್ತೇನೆ. ಅದಕ್ಕಿಂತ ಚಿಕ್ಕವರಿಗೆ ಯಾಂಕೊವಿಚ್‌ನದೇ ಕೈಯಿರುವ ‘ಹಂಗೇರಿಯ ಜನಪದ ಕಥೆಗಳು’ ಎಂಬ ದೂರದರ್ಶನ ಸರಣಿ ಇದೆ. ಒಟ್ಟು 100 ಕಂತುಗಳ ಆ ಸರಣಿಯ ಆರಂಭದ ಕಂತುಗಳನ್ನು ನಿರ್ದೇಶಿಸಿದವನು ಅವನೇ. ಕಸೂತಿಯ ಹೂಬಳ್ಳಿಗಳ ನಡುವೆ ಓಡಾಡುವ ಅಲ್ಲಿನ ಗೊಲ್ಲರು, ನರಿಗಳು, ಸೋಮಾರಿ ಹೆಂಡತಿಯರು ಯಾವ ಮಗುವನ್ನೂ ಹೆದರಿಸುವುದಿಲ್ಲ.

ಆರ್ಬೆಲೋಸ್‌ನ ಪ್ರತಿಯ ಜೊತೆಗೆ ‘ಯಾನೋಷ್ ವೀಟೇಜ್’ ಮತ್ತು ಮೇಲೆ ಹೇಳಿದ ಕಿರುಚಿತ್ರಗಳೂ ಸೇರಿವೆ. ಏರ್ ಇಂಡಿಯಾಕ್ಕಾಗಿ ಅವನು 1968ರಲ್ಲಿ ಮಾಡಿಕೊಟ್ಟ ಜಾಹೀರಾತು ಚಿತ್ರವೂ ಅದರಲ್ಲಿದೆ. ನಮ್ಮ ದೇಶದ ವಿಮಾನ ಸಂಸ್ಥೆಯ ಹೆಸರು ಅಲ್ಲಿ ಕಂಡು ಖುಷಿಯಾಯಿತು. ‘ಯಾನೋಷ್ ವೀಟೇಜ್’ ಹಂಗೇರಿಯ ಕವಿ ಪೆಟೋಫಿಯ ಕಥನಕಾವ್ಯವನ್ನು ಆಧರಿಸಿದ್ದು. ಅದರಲ್ಲಿ ಆ ಕಾಲದ ಇಂಗ್ಲಿಷ್ ಆನಿಮೇಷನ್‌ನ ನೆರಳು ಢಾಳಾಗಿ ಕಾಣುತ್ತದೆ. ಹಾಗಾಗಿ ಕಾಲಾನುಕ್ರಮವನ್ನು ಪಾಲಿಸಿ ಅದನ್ನೇ ಮೊದಲು ನೋಡುವ ಅಗತ್ಯವಿಲ್ಲ. ಮೊದಲು ‘ಬಿಳಿ ಕುದುರೆಯ ಮಗ’ವನ್ನು, ಆದಷ್ಟು ದೊಡ್ಡ ಪರದೆಯಲ್ಲಿ, ಕೋಣೆಯ ದೀಪ ಆರಿಸಿ ನೋಡಿ, ಬಳಿಕ ಹಿಂದಿನ ಚಿತ್ರಕ್ಕೆ ಹೋದರೆ, ಎಂಟು ವರ್ಷಗಳಲ್ಲಿ ಈ ಚಿತ್ರಕಾರ ಕಪ್ಪು ಗೆರೆಯನ್ನು ಬಿಡುವುದಕ್ಕೆ ಎಷ್ಟು ದೂರ ನಡೆಯಬೇಕಾಯಿತೆಂಬುದು ಹೆಚ್ಚು ಚೆನ್ನಾಗಿ ತಿಳಿಯುತ್ತದೆ.